ಮೂರನೇ ಕೂಗು

ವಿಶ್ವವಿದ್ಯಾಲಯದ ಅಪರಾಧ ನ್ಯಾಯ ವಿಭಾಗ ಈ ಹೆಂಗಸಿಗೆ ಇವತ್ತಿಗೂ ಎರಡು ಕೂಗು ಬಾಕಿ ಉಳಿಸಿಕೊಂಡಿದೆ. ದುಡ್ಡಿನ ಬಾಕಿಯಾಗಿದ್ದರೆ ಕೇಳಿ ಕೇಳಿ ಸುಸ್ತಾಗಿ ಕೈಬಿಡಬಹುದಿತ್ತು. ಇದು ಹಾಗಲ್ಲ. ಒಬ್ಬರನ್ನು ಗೈರು ಎಂದು ಬರೆಯುವ ಮೊದಲು ಹೆಸರು ಹಿಡಿದು ಮೂರು ಸಲ ಕೂಗಬೇಕು. ಅವಳನ್ನು ಒಂದೇ ಸಲ ಕೂಗಿ ಬಾಗಿಲು ಹಾಕಿಕೊಂಡರು.

ಕೂಗುವುದೇ ಅವಳ ಕೆಲಸ. ಕ್ರಿಮಿನಲ್ ಕೋರ್ಟಿನ ಎರಡನೇ ಮಹಡಿಯಲ್ಲಿ, ಕೋರ್ಟ್ ಹಾಲಿನ ಹೊಸ್ತಿಲ ಮೇಲೆ ನಿಂತು, ಆರೋಪಿ ಯಾರು, ಸಾಕ್ಷಿ ಯಾರು, ಜಾಮೀನು ಕೊಟ್ಟವರು ಯಾರು ಎಂದು ಕಾರಿಡಾರಿಗೆಲ್ಲ ಕೇಳುವ ಹಾಗೆ ಕರೆಯಬೇಕು. ಅವಳ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಇದೆ. ಜಡ್ಜ್ ಸಾಹೇಬರಿಂದ ಹಿಡಿದು ಕೆಳಗಿನ ಜೆರಾಕ್ಸ್ ಅಂಗಡಿಯವನ ತನಕ ಎಲ್ಲರ ಬಾಯಲ್ಲೂ ಅವಳು ಕೂಗಕ್ಕ.

ಆ ಕಾರಿಡಾರನ್ನು ಒಂದು ಸಲ ನೋಡಿದರೆ ಎರಡು ಹೊತ್ತಿನ ಊಟ ಸೇರುವುದಿಲ್ಲ. ಮೂಲೆಮೂಲೆಯಲ್ಲಿ ಉಗುಳು, ತುಂಬಿ ಹೊರಚೆಲ್ಲಿದ ಕಸದ ಬುಟ್ಟಿ, ಬಾಗಿಲಿಗೆ ಚಿಲಕವಿಲ್ಲದ ಹೆಂಗಸರ ಶೌಚಾಲಯ. ಕಕ್ಷಿದಾರರು ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿರುತ್ತಾರೆ. ಬೆಂಚುಗಳು ವಕೀಲರ ಬ್ಯಾಗುಗಳಿಗೆ. ಅಷ್ಟು ಜನರ ಗದ್ದಲದ ಮೇಲೆ ತೇಲಿ ಹೋಗಬೇಕು ಕೂಗಕ್ಕನ ದನಿ. ಹೋಗುತ್ತಿತ್ತು ಕೂಡ. ಮೆಟ್ಟಿಲ ಕೆಳಗೆ ಟೀ ಕುಡಿಯುತ್ತಿದ್ದವರೂ ಗ್ಲಾಸು ಇಟ್ಟು ಓಡಿ ಬರುತ್ತಿದ್ದರು.

ಅಲ್ಲಿ ಒಂದು ಪದ್ಧತಿ ಇದೆ. ಮೊದಲನೇ ಕೂಗು ಬರೀ ಎಚ್ಚರಿಸಲಿಕ್ಕೆ. ಅದಕ್ಕೆ ಯಾರೂ ಏಳುವುದಿಲ್ಲ. ಎದ್ದನೆಂದರೆ ಕೋರ್ಟಿಗೆ ಹೊಸಬ ಎಂದು ಪಕ್ಕದವರು ನಗುತ್ತಾರೆ. ಎರಡನೇ ಕೂಗಿಗೆ ವಕೀಲ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಬರುತ್ತಾನೆ. ಮೂರನೆಯದಕ್ಕೆ ಕಕ್ಷಿದಾರ ಒಳಗೆ ಕಾಲಿಡುತ್ತಾನೆ. ಮೂರಕ್ಕೂ ಬರದಿದ್ದರೆ ಗೈರು. ಗೈರು ಎಂದರೆ ಜಾಮೀನು ರದ್ದು, ವಾರಂಟು, ಜೈಲು. ವರ್ಷಗಟ್ಟಲೆ ಕೂಗಿ ಕೂಗಿ ಈ ಲೆಕ್ಕ ಕೂಗಕ್ಕನ ಮೈಯೊಳಗೇ ಇಳಿದುಬಿಟ್ಟಿತ್ತು. ಮನೆಯಲ್ಲಿ ಊಟಕ್ಕೆ ಕರೆದರೂ ಮೂರನೇ ಸಲಕ್ಕೇ ಏಳುವವಳು. "ನಮ್ಮ ಅತ್ತಿಗೆಗೆ ಅನ್ನಕ್ಕೂ ಸಮನ್ಸ್ ಕಳಿಸಬೇಕು" ಎಂದು ನಾದಿನಿ ಆಡಿಕೊಳ್ಳುತ್ತಿದ್ದಳು.

ಗಂಡ ಲಾರಿ ಓಡಿಸುತ್ತಾನೆ, ತಿಂಗಳಲ್ಲಿ ಹೆಚ್ಚು ದಿನ ರಸ್ತೆಯ ಮೇಲೆ. ಮನೆಯಲ್ಲಿರುವವರು ಅತ್ತಿಗೆ ನಾದಿನಿ ಇಬ್ಬರೇ. ನಾದಿನಿ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದಾಳೆ. ಅವಳ ಬಾಯಿಗೂ ಕತ್ತರಿಗೂ ಹರಿತದಲ್ಲಿ ವ್ಯತ್ಯಾಸವಿಲ್ಲ.

ಹೀಗಿರುವಾಗ ಕೂಗಕ್ಕನ ಗಂಟಲು ಕೈಕೊಟ್ಟಿತು. ಬೆಳಿಗ್ಗೆ ಸರಿಯಿದ್ದ ದನಿ ಮಧ್ಯಾಹ್ನಕ್ಕೆ ಒಡಕು ತಮಟೆಯಾಗುತ್ತಿತ್ತು. ಡಾಕ್ಟರ್ ನಾಲಿಗೆ ಹಿಡಿದೆಳೆದು ಕನ್ನಡಿ ಇಳಿಸಿ ನೋಡಿ, ಗಂಟಾಗಿದೆ, ಕೂಗುವುದನ್ನು ಬಿಡದಿದ್ದರೆ ಮಾತೂ ಹೋಗುತ್ತದೆ ಎಂದರು. ದನಿ ಹೋದ ಕೂಗುವವರನ್ನು ಕೋರ್ಟು ಎಲ್ಲಿಗೆ ಹಾಕುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ನೆಲಮಾಳಿಗೆಯ ಹಳೇ ದಾಖಲೆ ಕೋಣೆಗೆ. ಮೇಲಿನ ಎರಡು ಮಹಡಿಯ ಶೌಚಾಲಯದ ಪೈಪು ಆ ಕೋಣೆಯ ಗೋಡೆಯಲ್ಲೇ ಇಳಿಯುತ್ತದೆ, ಇಳಿಯುವಾಗ ಸೋರುತ್ತದೆ. ಅಲ್ಲಿಗೆ ಹೋದವರು ನಿವೃತ್ತಿಯ ದಿನ ಕೆಮ್ಮುತ್ತ ಹೊರಗೆ ಬರುತ್ತಾರೆ.

ತಪ್ಪಿಸಿಕೊಳ್ಳಲು ಒಂದೇ ದಾರಿ ಇತ್ತು. ಮೊದಲ ಸಲ ತಪ್ಪು ಮಾಡಿದವರನ್ನು ಜೈಲಿಗೆ ತಳ್ಳದೆ ಹೊರಗೇ ಇಟ್ಟು ನೋಡಿಕೊಳ್ಳುವ ಪ್ರೊಬೇಷನ್ ಆಫೀಸರ್ ಹುದ್ದೆಗೆ ಕೋರ್ಟಿನ ಸಿಬ್ಬಂದಿಯಿಂದಲೂ ಕೆಲವರನ್ನು ತೆಗೆದುಕೊಳ್ಳುತ್ತಿದ್ದರು. ಅದಕ್ಕೆ ಅಪರಾಧ ನ್ಯಾಯದಲ್ಲಿ ಸ್ನಾತಕೋತ್ತರ ಪದವಿ ಬೇಕು. ಕೂಗಕ್ಕನ ಹತ್ತಿರ ಸಂಜೆ ಕಾಲೇಜಿನಲ್ಲಿ ಓದಿ ತೆಗೆದುಕೊಂಡ ಬಿ.ಎ. ಇತ್ತು. ಅಂಕ ಬೇಕಾದಷ್ಟಕ್ಕೆ ಒಂದು ಕೂದಲೆಳೆ ಮೇಲೆ.

ಪ್ರವೇಶದ ನಿಯಮಗಳನ್ನು ಓದಿದಾಗ ನಾದಿನಿ ಮೆಷಿನ್ ನಿಲ್ಲಿಸಿ, ಇದು ಓದಲಿಕ್ಕೋ ಹೆಣ್ಣು ನೋಡಲಿಕ್ಕೋ ಎಂದು ಕೇಳಿದಳು. ಪದವಿ, ಪ್ರವೇಶ ಪರೀಕ್ಷೆ, ಕೆಲಸ ಕೊಟ್ಟವರ ಒಪ್ಪಿಗೆ, ನಡತೆ ಪತ್ರ, ಸಂದರ್ಶನ. ಇವುಗಳ ಮೇಲೆ ಅಭ್ಯರ್ಥಿಯ ವಿದ್ವತ್ತನ್ನು ಬಲ್ಲ ಇಬ್ಬರ ಶಿಫಾರಸು. ಕೂಗಕ್ಕನ ವಿದ್ವತ್ತನ್ನು ಬಲ್ಲವರು ಯಾರು? ಸಂಜೆ ಕಾಲೇಜಿನ ಮೇಷ್ಟ್ರುಗಳಲ್ಲಿ ಒಬ್ಬರು ತೀರಿಕೊಂಡಿದ್ದರು, ಇನ್ನೊಬ್ಬರು ರಿಯಲ್ ಎಸ್ಟೇಟಿಗೆ ಇಳಿದು ಫೋನ್ ಎತ್ತುತ್ತಿರಲಿಲ್ಲ. ಕೊನೆಗೆ ಜಡ್ಜ್ ಸಾಹೇಬರನ್ನು ಕೇಳಿದಳು. ಅವರು ದೊಡ್ಡ ಮನಸ್ಸು ಮಾಡಿ ಬರೆದುಕೊಟ್ಟರು: ಈಕೆಯ ಉಚ್ಚಾರಣೆ ಸ್ಪಷ್ಟವಾಗಿದೆ. ಹೆಡ್ ಕ್ಲರ್ಕ್ ಬರೆದದ್ದು: ಈಕೆ ರಜೆ ಕಡಿಮೆ ಹಾಕುತ್ತಾಳೆ. ಇಷ್ಟು ವರ್ಷದ ಚಾಕರಿಗೆ ಸಿಕ್ಕ ಮರ್ಯಾದೆ ಇದು. ಗಿಳಿಯ ಬಗ್ಗೆಯೂ ಇದಕ್ಕಿಂತ ಚೆನ್ನಾಗಿ ಬರೆಯಬಹುದು.

ಅಪರಾಧ ನ್ಯಾಯವನ್ನು ಏಕೆ ಓದಬಯಸುತ್ತೀರಿ ಎಂದು ಎರಡು ಪುಟ ಬರೆಯಬೇಕಿತ್ತು. ಕೂಗಕ್ಕ ಮೊದಲು ಬರೆದದ್ದು ಒಂದೇ ಸಾಲು, ನೆಲಮಾಳಿಗೆಗೆ ಹೋಗಲು ಇಷ್ಟವಿಲ್ಲ ಎಂದು. ನಾದಿನಿ ಅದನ್ನು ಹರಿದು ಹಾಕಿ, ಸಮಾಜ, ಸೇವೆ, ಕಳಕಳಿ ಎಂಬ ಮಾತುಗಳನ್ನು ಅಲ್ಲಲ್ಲಿ ಗುಂಡಿ ಹೊಲಿದ ಹಾಗೆ ಹೊಲಿಸಿ ಎರಡು ಪುಟ ಮಾಡಿಸಿದಳು. ಸಂದರ್ಶನದಲ್ಲಿ ಆ ಪುಟಗಳನ್ನು ಎಲ್ಲರೂ ಹೊಗಳಿದರು.

ಸೀಟು ಸಿಕ್ಕಿತು. ಕೋರ್ಟು ಮುಗಿದ ಮೇಲೆ ಸಂಜೆಯ ತರಗತಿ. ಕೂಗಕ್ಕ ಓದಿನಲ್ಲಿ ಹುಲಿಯೇನಲ್ಲ. ಅಪರಾಧ ಸಿದ್ಧಾಂತವನ್ನು ಹೇಗೋ ಉರುಹೊಡೆದಳು, ಸಂಖ್ಯಾಶಾಸ್ತ್ರದಲ್ಲಿ ಮಾತ್ರ ಮಕಾಡೆ ಬಿದ್ದಳು. ಸರಾಸರಿ ತೆಗೆಯುವುದನ್ನು ಮನೆಯಲ್ಲಿ ಗಟ್ಟಿಯಾಗಿ ಕಲಿಯುತ್ತಿದ್ದರೆ ನಾದಿನಿ ಸೂಜಿಗೆ ದಾರ ಪೋಣಿಸುತ್ತಲೇ, "ಹತ್ತು ಜನರ ಅಳತೆ ಕೂಡಿಸಿ ಭಾಗಿಸಿ ಅಂಗಿ ಹೊಲಿದರೆ ಹತ್ತು ಜನಕ್ಕೂ ಆಗಲ್ಲ ಅತ್ತಿಗೆ, ನಿಮ್ಮ ಮೇಡಂಗೆ ಹೇಳಿ" ಅನ್ನುತ್ತಿದ್ದಳು. ಆ ಪೇಪರನ್ನು ಎರಡನೇ ಸಲ ಕಟ್ಟಿ ಪಾಸು ಮಾಡುವಷ್ಟರಲ್ಲಿ ಒಂದು ವರ್ಷ ಹೋಯಿತು. ಪದವಿಯನ್ನು ಇಷ್ಟು ವರ್ಷದೊಳಗೆ ಮುಗಿಸಬೇಕು ಎಂಬ ಗಡುವೊಂದಿದೆ. ಆ ಹೋದ ವರ್ಷ ಮುಂದೆ ಅವಳ ಕುತ್ತಿಗೆಗೆ ಬಂತು.

ಆಮೇಲೆ ಕ್ಷೇತ್ರಕಾರ್ಯ. ನ್ಯಾಯಕ್ಕೆ ಸಂಬಂಧಪಟ್ಟ ಒಂದು ಸಂಸ್ಥೆಯಲ್ಲಿ ಕೆಲವು ವಾರ ದುಡಿದು ವರದಿ ಒಪ್ಪಿಸಬೇಕು. ಕೆಲಸ ಮಾಡುವ ಜಾಗ ಲೆಕ್ಕಕ್ಕಿಲ್ಲ. ಜೀವಮಾನವಿಡೀ ಕೋರ್ಟಿನ ಹೊಸ್ತಿಲು ಸವೆಸಿದವಳು ರಜೆ ಹಾಕಿ ಬಾಲಾಪರಾಧಿಗಳ ವಸತಿಗೃಹಕ್ಕೆ ಹೋದಳು. ಅಲ್ಲಿ ಅವಳಿಗೆ ವಹಿಸಿದ ಘನಕಾರ್ಯ ಏನೆಂದರೆ, ತಪಾಸಣೆಯ ದಿನ ಬೀರುವಿನಿಂದ ಹೊಸ ಕಂಬಳಿ ತೆಗೆದು ಮಂಚಗಳ ಮೇಲೆ ಹಾಸುವುದು, ತಪಾಸಣೆಯವರ ಕಾರು ಗೇಟು ದಾಟಿದ ಕೂಡಲೇ ಮಡಚಿ ಮತ್ತೆ ಬೀರುವಿಗೆ ಇಡುವುದು. ಮಕ್ಕಳು ಹೊದೆಯುತ್ತಿದ್ದ ಹಳೆಯವು ಹೇನು ಹತ್ತಿ, ಉಚ್ಚೆಯಲ್ಲಿ ನೆಂದು ನೆಂದು ಗಡುಸಾಗಿದ್ದವು. ಕೂಗಕ್ಕ ಅದನ್ನೂ ವರದಿಯಲ್ಲಿ ಬರೆದಳು. ಅವಳ ಗೈಡ್ ಮೇಡಂ ಆ ಪ್ಯಾರಾದ ಮೇಲೆ ಪೆನ್ಸಿಲಿನಲ್ಲಿ ನವಿರಾಗಿ ಒಂದು ಗೆರೆ ಎಳೆದು, ಸಂಸ್ಥೆಯವರು ಬೇಜಾರು ಮಾಡಿಕೊಂಡರೆ ಮುಂದಿನ ವರ್ಷದ ವಿದ್ಯಾರ್ಥಿಗಳಿಗೆ ಜಾಗ ಸಿಗುವುದಿಲ್ಲ ಎಂದರು. ಕೂಗಕ್ಕ ತೆಗೆದಳು. ತೆಗೆದದ್ದಕ್ಕೆ ಆ ರಾತ್ರಿ ಅವಳಿಗೆ ತನ್ನ ಹೊದಿಕೆಯೇ ನಾತ ಹೊಡೆಯಿತು.

ಉಳಿದದ್ದು ಪ್ರಬಂಧ ಮತ್ತು ಅದರ ಮೌಖಿಕ ಪರೀಕ್ಷೆ. ಪ್ರಬಂಧಕ್ಕೆ ಕೂಗಕ್ಕ ಆರಿಸಿಕೊಂಡ ವಿಷಯ ಗೋಡೆ ಕೂಗು.

ಗೋಡೆ ಕೂಗು ಎಂದರೇನು ಎಂದು ಕೋರ್ಟಿನ ಬೆಕ್ಕಿಗೂ ಗೊತ್ತು. ಎದುರು ಪಕ್ಷದವನು ಹಾಜರಾಗುವುದು ಒಬ್ಬ ವಕೀಲನಿಗೆ ಬೇಡವಾಗಿದ್ದರೆ ಅವನು ಕೂಗುವವನ ಕೈ ಬೆಚ್ಚಗೆ ಮಾಡುತ್ತಾನೆ. ಕೂಗುವವನು ಕಾರಿಡಾರಿಗೆ ಬೆನ್ನು ಹಾಕಿ, ಗೋಡೆಯ ಕಡೆ ಮುಖ ಮಾಡಿ, ಮೂರು ಕೂಗನ್ನೂ ಒಂದೇ ಉಸಿರಿನಲ್ಲಿ ಮುಗಿಸುತ್ತಾನೆ. ಕೂಗಿದ ಶಾಸ್ತ್ರ ಆಯಿತು, ಕೇಳಿದವರು ಯಾರೂ ಇಲ್ಲ. ಪಕ್ಕದ ಹಾಲಿನಲ್ಲಿ ಹೀಗೇ ಒಬ್ಬ ತಳ್ಳುಗಾಡಿಯವನನ್ನು ಕೂಗಿದ್ದರು. ಆ ಮನುಷ್ಯ ಬೆಳಿಗ್ಗೆಯಿಂದ ಅದೇ ಬಾಗಿಲ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದ. ಮಧ್ಯಾಹ್ನ ವಾರಂಟು ಹಿಡಿದು ಬಂದ ಪೊಲೀಸಿನವನು ಅವನನ್ನು ಹುಡುಕಲು ನಾಲ್ಕು ಹೆಜ್ಜೆಯನ್ನೂ ಇಡಬೇಕಾಗಲಿಲ್ಲ. ಎಳೆದುಕೊಂಡು ಹೋಗುವಾಗ ಅವನು ಕೂಗಕ್ಕನನ್ನು ನೋಡಿ, ಅಕ್ಕಾ, ನನ್ನನ್ನು ಕರೆದೇ ಇಲ್ಲವಲ್ಲ ಎಂದು ಕೇಳಿದ. ಕಾರಿಡಾರು ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ತನ್ನ ಹರಟೆಗೆ ಇಳಿಯಿತು.

ಪ್ರಬಂಧದ ಮೂರನೇ ಅಧ್ಯಾಯ ಪೂರ್ತಿ ಇದೇ. ಯಾರ ಹೆಸರನ್ನೂ ಹಾಕದೆ, ಗೋಡೆ ಕೂಗಿನಿಂದ ಜೈಲಿಗೆ ಹೋದವರನ್ನು ಕಂಡು ಮಾತಾಡಿಸಿ ಬರೆದಿದ್ದಳು. ವಿಭಾಗದ ಮೇಷ್ಟ್ರುಗಳಿಗೆ ಇದು ಹೊಸ ಸುದ್ದಿ ಎಂದು ನೀವು ತಿಳಿದಿದ್ದರೆ ಅದು ನಿಮ್ಮ ಭ್ರಮೆ. ಅವರಿಗೆ ಎಲ್ಲ ಗೊತ್ತಿತ್ತು. ಪ್ರಬಂಧ ಸಮಿತಿಯಲ್ಲಿ ಕೂತಿದ್ದವರಲ್ಲಿ ಒಬ್ಬರು ಕೋರ್ಟಿನ ಹಿರಿಯ ವಕೀಲರು, ವಾರಕ್ಕೊಮ್ಮೆ ಬಂದು ನ್ಯಾಯದ ನೀತಿಯ ಬಗ್ಗೆ ಪಾಠ ಹೇಳಿ ಹೋಗುವವರು. ಮುಂದಿನ ತಾರೀಕು ಕೇಳುವುದರಲ್ಲೇ ಹೆಸರು ಮಾಡಿದ್ದರಿಂದ ಕಾರಿಡಾರಿನಲ್ಲಿ ಅವರಿಗೆ ವಾಯಿದೆ ವಕೀಲ ಎಂದೇ ಅಡ್ಡಹೆಸರು. ಆ ತಳ್ಳುಗಾಡಿಯವನ ಕೇಸಿನಲ್ಲಿ ಎದುರು ಪಕ್ಷದ ವಕೀಲರು ಅವರೇ.

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಬಿಸ್ಕತ್ತನ್ನು ಟೀಯಲ್ಲಿ ಅದ್ದಿ, ಮೆತ್ತಗಾದ ತುದಿಯನ್ನು ಚೀಪುತ್ತ, "ಬರವಣಿಗೆ ಚೆನ್ನಾಗಿದೆ ಅಮ್ಮ. ಆದರೆ ಇದು ಅಧ್ಯಯನ ಅಲ್ಲ, ಚಾಡಿ" ಎಂದು ನಕ್ಕರು. ಮೀಸೆಯ ಮೇಲೆ ಬಿಸ್ಕತ್ತಿನ ಪುಡಿ ಅಂಟಿತ್ತು. ಗೈಡ್ ಮೇಡಂ ಆ ಪುಡಿಯನ್ನೇ ನೋಡುತ್ತ ಕೂತಿದ್ದರು. ಆಮೇಲೆ ಕೂಗಕ್ಕನನ್ನು ಪಕ್ಕಕ್ಕೆ ಕರೆದು, ಅಧ್ಯಾಯ ಮೂರನ್ನು ತೆಗೆದುಬಿಡು, ಕೋರ್ಟಿನಲ್ಲಿ ಶಬ್ದಮಾಲಿನ್ಯ ಎಂದು ಏನಾದರೂ ಬರೆ, ನಾನೇ ಪಾಸು ಮಾಡಿಸುತ್ತೇನೆ ಎಂದರು.

ಈ ಸಲ ಕೂಗಕ್ಕ ತೆಗೆಯಲಿಲ್ಲ. ಅದನ್ನು ದೊಡ್ಡ ಧೈರ್ಯ ಎಂದು ಹಾಡಿ ಹೊಗಳುವುದು ಬೇಡ. ಗಡುವು ತಲೆಯ ಮೇಲೆ ಬಂದಿತ್ತು, ಹೊಸ ಅಧ್ಯಾಯ ಬರೆಯಲು ಸಮಯ ಇರಲಿಲ್ಲ. ಕಂಬಳಿಯ ನಾತವೂ ಮೂಗಿನಿಂದ ಪೂರ್ತಿ ಹೋಗಿರಲಿಲ್ಲ. ಎರಡೂ ಸೇರಿ, ಆಗೋದು ಆಗಲಿ ಎಂದು ಪ್ರಬಂಧವನ್ನು ಇದ್ದ ಹಾಗೇ ಬೈಂಡ್ ಮಾಡಿಸಿ ಕೊಟ್ಟಳು.

ಮೌಖಿಕ ಪರೀಕ್ಷೆ ಇಟ್ಟದ್ದು ಗಡುವು ಮುಗಿಯುವ ದಿನವೇ. ನಾದಿನಿ ಹೊಸ ಕುಪ್ಪಸ ಹೊಲಿದುಕೊಟ್ಟಳು, ಇದು ನಿಮ್ಮದೇ ಅಳತೆ, ಸರಾಸರಿ ಅಲ್ಲ ಎಂದು ಹೇಳಿ ಕಳಿಸಿದಳು. ವಿಭಾಗದ ಕಾರಿಡಾರು ಕೋರ್ಟಿನದಕ್ಕಿಂತ ಚೊಕ್ಕಟವಾಗಿತ್ತು. ನೆಲಕ್ಕೆ ಫಿನಾಯಿಲ್ ಹಾಕಿ ಒರೆಸಿದ್ದರು, ಗೋಡೆಯ ಮೇಲೆ ಕಣ್ಣಿಗೆ ಬಟ್ಟೆ ಕಟ್ಟಿದ ನ್ಯಾಯದೇವತೆಯ ಚಿತ್ರ ಇತ್ತು. ಎದುರು ಬದಿಯ ಬೆಂಚಿನ ಮೇಲೆ ಕೂಗಕ್ಕ ಪ್ರಬಂಧವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಪಕ್ಕದಲ್ಲಿ ಅವಳ ಹಾಗೇ ಕಾಯುತ್ತಿದ್ದ ವಿದ್ಯಾರ್ಥಿಗಳು ಇದ್ದರು. ಅವರ ಸರದಿ ಬಂದಾಗ ವಿಭಾಗದ ಜವಾನ ಬೆಂಚಿನ ತನಕ ಬಂದು, ಏಳಪ್ಪ, ಸಾಹೇಬರು ಕರೀತಿದ್ದಾರೆ ಎಂದು ಭುಜ ಮುಟ್ಟಿ ಎಬ್ಬಿಸಿಕೊಂಡು ಹೋದ. ಸಂಜೆಯಾಗುವ ಹೊತ್ತಿಗೆ ಉಳಿದವಳು ಅವಳೊಬ್ಬಳೇ.

ಬಾಗಿಲು ತೆರೆಯಿತು. ಜವಾನ ಹೊಸ್ತಿಲು ದಾಟಲಿಲ್ಲ. ಮುಖವನ್ನು ಚೌಕಟ್ಟಿನ ಕಡೆಗೆ ತಿರುಗಿಸಿ, ಒಮ್ಮೆ ಅವಳ ಹೆಸರು ಹೇಳಿದ. ಹೇಳಿದ ಎನ್ನುವುದೂ ಹೆಚ್ಚು, ಗೊಣಗಿದ.

ಅವಳಿಗೆ ಕೇಳಿಸಿತು. ಕೂಗುವವಳ ಕಿವಿ ಅದು, ಕೇಳಿಸದೆ ಇರುತ್ತದೆಯೇ? ಮೊದಲನೇ ಕೂಗು ಎಂದುಕೊಂಡಳು. ಚಪ್ಪಲಿ ಸರಿಮಾಡಿಕೊಂಡಳು. ಮಾತಾಡಬೇಕಲ್ಲ ಎಂದು ಬಾಟಲಿಯ ಮುಚ್ಚಳ ತಿರುಗಿಸಿ ಒಂದು ಗುಟುಕು ನೀರಿನಿಂದ ಗಂಟಲು ನೆನೆಸಿಕೊಂಡಳು. ಕುಪ್ಪಸದ ತೋಳು ಎಳೆದುಕೊಂಡಳು. ಎರಡನೇ ಕೂಗಿಗೆ ಎದ್ದು ನಿಲ್ಲುವುದು, ಮೂರನೆಯದಕ್ಕೆ ಒಳಗೆ ಕಾಲಿಡುವುದು. ಜೀವಮಾನದಲ್ಲಿ ಅವಳನ್ನು ಯಾರೂ ಬಾಗಿಲಲ್ಲಿ ನಿಂತು ಕೂಗಿರಲಿಲ್ಲ. ಕೂಗಿಸಿಕೊಳ್ಳುವುದರ ಸುಖದಲ್ಲಿ ಅವಳು ಒಂದು ಗಳಿಗೆ ಕಾದಳು.

ಎರಡನೇ ಕೂಗು ಬರಲಿಲ್ಲ. ಒಳಗಿನಿಂದ ಚಿಲಕ ಬಿದ್ದ ಸದ್ದು ಬಂತು.

ತಪ್ಪು ಅವಳದೂ ಹೌದು. ಕರೆದದ್ದು ಕೇಳಿಸಿತ್ತು, ಎದ್ದು ಹೋಗಬೇಕಿತ್ತು. ಆದರೆ ಅವಳು ಓಡಿಹೋಗಿ ಬಾಗಿಲು ಬಡಿದಾಗ ತೆಗೆಯಲು ಒಳಗಿದ್ದವರಿಗೆ ಏನು ಧಾಡಿಯಾಗಿತ್ತು? ಬಡಿದಳು, ಕೂಗಲು ಬಾಯಿ ತೆರೆದಳು. ಊರಿಗೆಲ್ಲ ಕೇಳುತ್ತಿದ್ದ ಗಂಟಲಿನಿಂದ ಹರಿದ ಬಟ್ಟೆಯ ಸದ್ದು ಬಂತು, ಅಷ್ಟೇ. ಕಡೆಗೆ ಬಾಗಿಲು ತೆರೆದಾಗ ಸಮಿತಿ ಏಳುತ್ತಿತ್ತು. ಹಾಜರಿ ಹಾಳೆಯಲ್ಲಿ ಅವಳ ಹೆಸರಿನ ಮುಂದೆ ಗೈರು ಎಂದು ಬರೆದು ಎಲ್ಲರೂ ಸಹಿ ಹಾಕಿಯಾಗಿತ್ತು. ತಾನು ಇಲ್ಲೇ ಬೆಂಚಿನ ಮೇಲೇ ಇದ್ದೆ ಎಂದು ಅವಳು ಪಿಸುದನಿಯಲ್ಲಿ ಹೇಳಿದಳು. ಗೈಡ್ ಮೇಡಂ ಕೈಚೀಲದಲ್ಲಿ ಏನನ್ನೋ ಹುಡುಕತೊಡಗಿದರು. ವಾಯಿದೆ ವಕೀಲರು ಕರವಸ್ತ್ರದಿಂದ ಬಾಯಿ ಒರೆಸಿಕೊಂಡರು.

"ಕರೆದಾಗ ಬರದಿದ್ದರೆ ಗೈರು. ಇದನ್ನು ನಿಮಗೆ ನಾವು ಹೇಳಿಕೊಡಬೇಕೇ ಅಮ್ಮ?"

ಆ ಅಮ್ಮ ಎಂಬ ಮಾತಿನಷ್ಟು ಹೇಸಿಗೆ ಹುಟ್ಟಿಸಿದ್ದು ಆ ದಿನ ಮತ್ತೊಂದಿಲ್ಲ. ಕೂಗಕ್ಕ ಮೆಟ್ಟಿಲಿಳಿದು ಹೋಗಿ ಚರಂಡಿಯ ಪಕ್ಕದಲ್ಲಿ ಕೂತು, ಕುಡಿದ ಆ ಒಂದು ಗುಟುಕು ನೀರನ್ನೂ ಕಕ್ಕಿದಳು. ಜವಾನ ಹಿಂದೆಯೇ ಇಳಿದು ಬಂದು ಬಾಟಲಿ ಹಿಡಿದುಕೊಂಡ. ಅತ್ತಿತ್ತ ನೋಡಿ, ತಗ್ಗಿದ ದನಿಯಲ್ಲಿ, "ಒಂದೇ ಸಲ ಕರಿ, ಇಲ್ಲಿಂದಲೇ ಕರಿ, ಇದೇನು ಕೋರ್ಟಲ್ಲ ಅಂದರು ಅಕ್ಕ. ಮನೆಯಲ್ಲಿ ಮಕ್ಕಳಿದ್ದಾರೆ, ನಾನೇನು ಮಾಡಲಿ" ಎಂದ. ಅವಳು ಅವನನ್ನು ಬೈಯಲಿಲ್ಲ. ಬೈಯಲು ದನಿಯೂ ಇರಲಿಲ್ಲ.

ಗಡುವು ಮುಗಿದಿದೆ, ಇನ್ನು ಮೌಖಿಕ ಪರೀಕ್ಷೆ ಇಲ್ಲ ಎಂದು ವಿಭಾಗ ಉತ್ತರ ಕೊಟ್ಟಿತು. ಬೇಕಿದ್ದರೆ ಹೊಸದಾಗಿ ಪ್ರವೇಶ ಪಡೆಯಬಹುದಂತೆ. ಅಂದರೆ ಮತ್ತೆ ಪರೀಕ್ಷೆ, ಮತ್ತೆ ಶಿಫಾರಸು, ಮತ್ತೆ ಉಚ್ಚಾರಣೆ ಸ್ಪಷ್ಟವಾಗಿದೆ ಎಂಬ ಪತ್ರ. ಆ ಪತ್ರ ಇನ್ನು ಯಾರೂ ಕೊಡುವುದಿಲ್ಲ, ಉಚ್ಚಾರಣೆಯೇ ಹೋಗಿದೆ. ಈಗ ಅವಳು ನೆಲಮಾಳಿಗೆಯಲ್ಲಿ ಕೂರುತ್ತಾಳೆ. ಪೈಪು ಸೋರುವ ಕಡೆ ಬಕೆಟ್ ಇಟ್ಟಿದ್ದಾಳೆ. ತುಂಬಿದಾಗ ಅವಳೇ ಹೊತ್ತುಕೊಂಡು ಹೋಗಿ ಸುರಿದು ಬರುತ್ತಾಳೆ. ಮೇಲೆ ಎರಡನೇ ಮಹಡಿಯಲ್ಲಿ ಅವಳ ಜಾಗಕ್ಕೆ ಹೊಸಬ ಬಂದಿದ್ದಾನೆ. ಗೋಡೆಗೆ ಕೂಗುವುದನ್ನು ಬೇಗ ಕಲಿತುಕೊಂಡಿದ್ದಾನೆ ಎಂದು ಸುದ್ದಿ. ನ್ಯಾಯದ ನೀತಿಯ ಪಾಠ ಎಂದಿನಂತೆ ವಾರಕ್ಕೊಮ್ಮೆ ನಡೆಯುತ್ತಿದೆ.

ಮೌಖಿಕ ಪರೀಕ್ಷೆಯ ದಿನ ಮನೆಗೆ ಬಂದು ಅವಳು ಪ್ರಬಂಧವನ್ನು ಒಲೆಗೆ ಹಾಕಲು ಹೋದಾಗ ನಾದಿನಿ ಕಿತ್ತುಕೊಂಡು ಬಟ್ಟೆಯ ತುಂಡುಗಳ ಗಂಟಿನೊಳಗೆ ಇಟ್ಟಳು. ಕೋರ್ಟಿನ ಜವಾನರ ಸಂಘದವರು ಅವಳ ಪರವಾಗಿ ಮನವಿ ಕೊಟ್ಟರು, ಎರಡು ಸಲ ಧರಣಿ ಕೂತರು. ಅಷ್ಟಾದ ಮೇಲೆ ವಿಶ್ವವಿದ್ಯಾಲಯದ ದೊಡ್ಡ ಸಭೆ ಮುಂದಿನ ತಿಂಗಳ ಮೊದಲನೇ ಸೋಮವಾರ ಅವಳ ಮಾತು ಕೇಳಲು ಒಪ್ಪಿದೆ. ಅವತ್ತೂ ಅವಳು ಹೊರಗಿನ ಬೆಂಚಿನ ಮೇಲೆ ಕೂತಿರಬೇಕು. ಹೆಸರು ಕರೆದಾಗ ಒಳಗೆ ಹೋಗಬೇಕು. ಕರೆಯುವವನು ಯಾವ ಕಡೆ ಮುಖ ಮಾಡಿ ಕರೆಯುತ್ತಾನೆ ಎಂದು ಈಗಲೇ ಯಾರು ಹೇಳಬಲ್ಲರು?

ಇದನ್ನು ಓದುತ್ತಿರುವವರೇ, ನಿಮ್ಮ ಅಯ್ಯೋ ಪಾಪ ಅವಳಿಗೆ ಬೇಡ, ಅದನ್ನು ನಿಮ್ಮ ಜೇಬಿನಲ್ಲೇ ಇಟ್ಟುಕೊಳ್ಳಿ. ಆ ಸೋಮವಾರ ಒಂದು ದಿನದ ಕೆಲಸ ಬಿಟ್ಟು ಬನ್ನಿ. ಆ ಕಾರಿಡಾರಿನ ನೆಲದ ಮೇಲೆ ಅವಳ ಬೆಂಚಿನ ಪಕ್ಕದಲ್ಲಿ ಕೂತುಕೊಳ್ಳಿ. ಮೊದಲನೇ ಕೂಗನ್ನು ಅವರು ಬೇಕಾದರೆ ಗೋಡೆಗೇ ಕೂಗಲಿ. ಎರಡನೆಯದನ್ನೂ ಮೂರನೆಯದನ್ನೂ ನೀವು ಕೂಗಬೇಕು, ಒಳಗಿರುವವರ ಕಿವಿಗೆ ಬೀಳುವ ಹಾಗೆ. ಅವಳ ಗಂಟಲು ಹೋಗಿದೆ. ನಿಮ್ಮದು ಇದೆಯಲ್ಲ, ತನ್ನಿ.